ರಾಣಿಯ ನೋಟೂ ಅಧ್ಯಕ್ಷೆಯ ಕುರ್ಚಿಯೂ

ಹೀಗೊಬ್ಬ ಶ್ರೀಮಂತ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರ್ತಾರೆ. ಅವನಿಗೆ ಹಳೇ ನಾಣ್ಯ, ಅಪರೂಪದ ನೋಟು ಕೂಡಿಡೋ ಹುಚ್ಚು. ಇರಲಿ ಬಿಡಿ, ಒಬ್ಬೊಬ್ಬರಿಗೆ ಒಂದೊಂದು. ನಾಡಿಗಾಗಿ ಕತ್ತಿ ಹಿಡಿದ ಒಬ್ಬ ರಾಣಿಯ ಗೌರವಕ್ಕೆ ಸರ್ಕಾರ ಒಂದು ನೆನಪಿನ ನೋಟು ಅಚ್ಚು ಹಾಕಿಸಿತ್ತು ಅಂತ ಇಟ್ಕೊಳ್ಳಿ. ಕುದುರೆ ಮೇಲೆ ರಾಣಿ, ಕೈಯಲ್ಲಿ ಕತ್ತಿ. ಇವನು ಪಟ್ಟಣಕ್ಕೆ ಹೋಗಿ, ಬಿಸಿಲಲ್ಲಿ ಸಾಲು ನಿಂತು ಅದನ್ನ ತಂದ. ಗಾಜಿನ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಯಾರೂ ಮುಟ್ಟೋ ಹಾಗಿಲ್ಲ. ಒಂದು ಗೆರೆ ಬಿದ್ದರೂ ಬೆಲೆ ಹೋಯ್ತಂತೆ! ಬಂದವರಿಗೆಲ್ಲ ಒಂದೇ ಮಾತು: "ನೋಡಿ, ನಮ್ಮನೇಲಿ ಹೆಣ್ಣಿಗೆ ಎಷ್ಟು ಗೌರವ!"

ಅದೇ ಮನೆಯಲ್ಲಿ ಅವನ ಸೊಸೆ. ಓದಿದವಳು. ಪಂಚಾಯ್ತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಅಂತ ಮೀಸಲಾಯ್ತು. ಮಾವನೇ ಅವಳನ್ನ ಚುನಾವಣೆಗೆ ನಿಲ್ಲಿಸಿದ, ಓಡಾಡಿ ಗೆಲ್ಲಿಸಿದ, ಅವಳು ಅಧ್ಯಕ್ಷೆಯಾದಳು. ಆಮೇಲೆ? ಸಭೆಗೆ ಹೋಗೋನು ಮಾವ. ಕುರ್ಚಿಯಲ್ಲಿ ಕೂರೋನು ಮಾವ. ಅಧ್ಯಕ್ಷೆ ಏನು ಮಾಡ್ತಿದ್ದಳು? ಬಂದವರಿಗೆ ಕಾಫಿ. ಕಾಗದ ಬಂದರೆ ಒಲೆ ಪಕ್ಕ ನಿಂತು ಸಹಿ. ನಗಬೇಡಿ, ನಗಬೇಡಿ, ಇದು ನಗೋ ವಿಷಯ ಅಲ್ಲ.

ಒಂದು ದಿನ ನಾಲ್ಕೈದು ಹೆಂಗಸರು ಅಧ್ಯಕ್ಷೆಯನ್ನ ನೋಡಬೇಕು ಅಂತ ಬಂದರು. ಎದುರಿಗೆ ಬಂದು ಕೂತವನು ಮಾವ. "ಏನ್ರಮ್ಮಾ ಸಮಾಚಾರ? ನನ್ ಹತ್ರಾನೇ ಹೇಳಿ" ಅಂದ. ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ಇವನೋ, ಎಲ್ಲರನ್ನೂ ಎಬ್ಬಿಸಿ ರಾಣಿಯ ನೋಟು ತೋರಿಸಿದ. ನೋಡಿದರು, ಕಾಫಿ ಕುಡಿದರು, ಹೊರಟರು.

"ಯಾಕ್ ಬಂದಿದ್ರು ಮಾವ?" ಅಂತ ಸೊಸೆ ಕೇಳಿದಳು.

"ನೋಟು ನೋಡೋಕಮ್ಮ. ಎಷ್ಟು ಖುಷಿಪಟ್ರು ಗೊತ್ತಾ!"

ಸೊಸೆಗೆ ಸಮಾಧಾನ ಆಗಲಿಲ್ಲ. ಹಿತ್ತಲ ಬಾಗಿಲಿಂದ ಓಡಿಹೋಗಿ ಅವರನ್ನ ದಾರಿಯಲ್ಲಿ ಹಿಡಿದಳು. ಆಗ ಒಬ್ಬ ತಾಯಿ ಬಾಯಿಬಿಟ್ಟಳು: "ಸ್ಕೂಲಲ್ಲಿ ಹೆಣ್ಮಕ್ಳ ಶೌಚಾಲಯಕ್ಕೆ ಬಾಗ್ಲಿಲ್ಲ, ನೀರಿಲ್ಲ ಕಣವ್ವ. ನನ್ ಮಗ್ಳು ದೊಡ್ಡೋಳಾಗಿದ್ದಾಳೆ. ಇನ್ಮೇಲೆ ಹೋಗಲ್ಲ ಅಂತ ಬ್ಯಾಗು ಮೂಲೆಗೆ ಎಸ್ದವ್ಳೆ. ಇದ್ನ ಗಂಡಸ್ರ ಮುಂದೆ ಹೆಂಗ್ ಹೇಳೋದು, ನೀನೇ ಹೇಳು?"

ಸಂಜೆ ಸೊಸೆ ಮಾವನ ಮುಂದೆ ನಿಂತಳು. "ನಾಳೆ ಸಭೆಗೆ ನಾನೇ ಹೋಗ್ತೀನಿ ಮಾವ."

"ನಾನಿಲ್ವೇನಮ್ಮಾ? ನಿನಗ್ಯಾಕೆ ತೊಂದರೆ?"

ಅವಳು ಗಾಜಿನ ಕಡೆ ಕೈ ತೋರಿಸಿದಳು. "ಆ ರಾಣಿ ಕುದುರೆ ಹತ್ತೋವಾಗ ಅವರ ಮಾವನೂ ಹೀಗೇ ಅಂದಿದ್ರೆ?"

"ಅದು ಚರಿತ್ರೆ ಕಣಮ್ಮ, ಇದು ಪಂಚಾಯ್ತಿ" ಅಂದುಬಿಟ್ಟ ಪುಣ್ಯಾತ್ಮ.

ಸಭೆಗೆ ಅವನೇ ಹೋದ. ಊರ ಮುಂದೆ ಕಮಾನು ಕಟ್ಟಿಸೋ ತೀರ್ಮಾನ ಆಯ್ತು. ಆ ಹುಡುಗಿ ಶಾಲೆ ಬಿಟ್ಟಳು. ಕಥೆ ಅಷ್ಟೇ.

ಇದೇನು ಸ್ವಾಮೀಜಿ, ಒಳ್ಳೇದಾಗಿ ಮುಗಿಸಬಾರದಾ ಅಂತೀರಿ. ನಾನು ಹೇಗೆ ಮುಗಿಸಲಿ? ಆ ಶ್ರೀಮಂತ ಕೆಟ್ಟವನಾ? ಅಲ್ಲ. ಸೊಸೆಗೆ ಬೈದವನಲ್ಲ, ಕೈ ಎತ್ತಿದವನಲ್ಲ. ಗೌರವ ಅಂದರೆ ಎತ್ತರದಲ್ಲಿ ತೂಗುಹಾಕಿ ಕೈಮುಗಿಯೋದು ಅಂದ್ಕೊಂಡಿದ್ದ. ನಾವೂ ಅಷ್ಟೇ ತಾನೆ? ನನಗೆ ಸಿಟ್ಟು ಬರೋದು ಇಲ್ಲೇ. ಹೆಣ್ಣು ಪಟದಲ್ಲಿದ್ದರೆ ಹೂವು ಹಾಕ್ತೀರಿ. ಎದುರಿಗೆ ನಿಂತು ಒಂದು ಮಾತಾಡಿದರೆ "ನಿನಗೇನು ಗೊತ್ತಾಗುತ್ತೆ, ಒಳಗೆ ಹೋಗು" ಅಂತೀರಿ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಯಾರ ಹೆಸರಿಗೆ ಸಭೆಯ ಪತ್ರ ಬರುತ್ತೋ ಅವರನ್ನೇ ಕಳಿಸಿ. ಬರೋದು ಹೊತ್ತಾದರೆ ಸಾರಿಗೆ ನೀವೇ ಒಗ್ಗರಣೆ ಹಾಕಿ, ಕೈ ಸವೆಯಲ್ಲ. ಸಹಿ ಕೇಳೋ ಮೊದಲು ಕಾಗದವನ್ನ ಓದೋಕೆ ಕೊಡಿ.

ನಾಳೆಯಿಂದ ಅಂತ ಯಾಕೆ, ಈಗಲೇ ಶುರುಮಾಡೋಣ. ಇವತ್ತಿನ ಆಮಂತ್ರಣದಲ್ಲಿ ಮುಖ್ಯ ಅತಿಥಿ ಅಂತ ನಿಮ್ಮ ಪಂಚಾಯ್ತಿ ಅಧ್ಯಕ್ಷೆಯ ಹೆಸರಿದೆ. ಇಲ್ಲಿ ನನ್ನ ಪಕ್ಕ ಹಾರ ಹಾಕಿಸಿಕೊಂಡು ಕೂತಿರೋದು ಅವರ ಯಜಮಾನರು. ಬೇಸರ ಮಾಡ್ಕೋಬೇಡಿ ಯಜಮಾನರೇ. ಅಧ್ಯಕ್ಷೆ ತಾಯಿ ಎಲ್ಲಿ? ಹಿಂದುಗಡೆ ಪ್ರಸಾದದ ಅಡುಗೆ ನೋಡ್ತಿದ್ದಾರಾ? ಸರಿ, ಎದ್ದು ಹೋಗಿ ಅವರ ಕೈಯಿಂದ ಸೌಟು ಇಸ್ಕೊಳ್ಳಿ, ಅವರನ್ನ ಇಲ್ಲಿಗೆ ಕಳಿಸಿ. ಅವರು ಬಂದು ಈ ಕುರ್ಚಿಯಲ್ಲಿ ಕೂತ ಮೇಲೇನೇ ನಾನು ಮುಂದಿನ ಮಾತಾಡೋದು.