ಕಾಣದ ಟಿಕೆಟ್

ರಾಯಚೂರು ಬಸ್ ನಿಲ್ದಾಣದಲ್ಲಿ ಪೋತ್ನಾಳಕ್ಕೆ ಹೊರಟಿದ್ದ ಗೋಪಮ್ಮನ ಪಕ್ಕ, ಒಂದೇ ಆಫೀಸಿನ ಕಾರ್ಡು ಕೊರಳಲ್ಲಿದ್ದ ಇಬ್ಬರು ಹುಡುಗಿಯರು ಕೂತಿದ್ದರು.

"ನಾಹಿದ್, ನಿನ್ನ ಟಿಕೆಟ್ ಕಾಣವಲ್ದಲ್ಲ?"

ಇನ್ನೂ ಬಸ್ಸೇ ಬಂದಿಲ್ಲ, ಇವಳು ಟಿಕೆಟ್ ಎಲ್ಲಿ ಕಳೆದುಕೊಂಡಳೋ ಎಂದು ಗೋಪಮ್ಮನಿಗೆ ಸೋಜಿಗ.

"ಕಂಪ್ಯೂಟರ್‌ನ್ಯಾಗ ಅದಕ್ಕ ಬೀಗ ಹಾಕ್ಯಾರ, ಶಶಿಕಲಾ. ಆ ಟಿಕೆಟ್‌ನ್ಯಾಗ ನಾ ಬರದ ದೂರು ಆಫೀಸ್ ಮಂದೆಲ್ಲಾ ಓದಾಕತ್ತಿದ್ರು."

"ಯಾರು ಹಾಕ್ಸಿದ್ದು?"

"ನಾನೇ ಕೇಳ್ಕೊಂಡೆ. ಸಾಹೇಬ್ರು ನನ್ನ ಕೈ ಹಿಡದದ್ದನ್ನ ನಲವತ್ತು ಮಂದಿ ಯಾಕ ಓದಬೇಕು?"

"ಚಲೋ ಆತು ಬಿಡು. ಈಗ ಯಾರಿಗೆ ಕಾಣ್ತದ?"

"ಟೀಮಿನ ಹಿರೇರಿಗೆ ಮಾತ್ರ."

"ಹಿರೇರಂದ್ರ… ಅದೇ ಸಾಹೇಬ್ರಿಗಾ?"

"ಹೂಂ."

"ಬರದಾಕಿ ನೀನು. ನಿನಗರ ಕಾಣ್ತದಿಲ್ಲೋ?"

"ಇಲ್ಲ. ಸಮಸ್ಯೆ ಬಗೆಹರಿದಿದೆ, ಟಿಕೆಟ್ ಮುಚ್ಚಲಾಗಿದೆ ಅಂತ ಮೆಸೇಜ್ ಬಂತು."

"ಯಾರು ಮುಚ್ಚಿದ್ದು?"

"ಯಾರಿಗೆ ಕಾಣ್ತದೋ ಅವರೇ."

ನಾಹಿದ್ ಕೊರಳಿನ ಕಾರ್ಡು ತೆಗೆದು ಬ್ಯಾಗಿಗೆ ಹಾಕಿದಳು. ಅಷ್ಟರಲ್ಲಿ ದೇವದುರ್ಗದ ಬಸ್ ಬಂತು; ಇಬ್ಬರೂ ಹತ್ತಿದರು.

ಕಂಡಕ್ಟರ್ ಕೊಟ್ಟ ಜೀರೋ ಟಿಕೆಟನ್ನು ನಾಹಿದ್ ಹಿಂದೆ ಮುಂದೆ ತಿರುಗಿಸಿ ಓದುತ್ತಿದ್ದದ್ದು ಗೋಪಮ್ಮನಿಗೆ ಕಿಟಕಿಯಲ್ಲಿ ಕಂಡಿತು. ಬಸ್ ಗೇಟು ದಾಟುವವರೆಗೂ ಅವಳು ಅದನ್ನೇ ಓದುತ್ತಿದ್ದಳು.