ಬೆಚ್ಚಗಿನ ಟೆಂಪೊ

…ಬಾ ಗಂಗೀ, ಒಳಗ ಬಾ. ತಲಿ ಸಂಭಾಳಿಸು, ತಗಡು ಕೆಳಗೈತಿ… ಬಡೀತೇನು? ಅದನ್ನ ಹೇಳಾಕತ್ತಿದ್ದೆ. ಕುಂದ್ರು, ಬ್ಯಾಗ್ ಇಲ್ಲೇ ಇಡು. ಊರಿಂದ ಬಂದಾಕೀನ್ನ ನಡುದಾರಿ ಮೊಲೆಂನಾಗ ಬಸ್ಸಿಂದ ಯಾಕ ಇಳಿಸಿದೆ ಅಂತ ಮುಖ ಉಬ್ಬಿಸಬ್ಯಾಡ. ಕುಂಕಳ್ಳಿಯ ನಮ್ಮ ಖೋಲಿ ಎಲ್ಲಿ ಓಡಿಹೊಕ್ಕೈತಿ? ಒಂದೀಟು ಕುಂತು, ಬೆಚ್ಚಗೈತೋ ಇಲ್ಲೋ ಅಷ್ಟ ಹೇಳು. ಥಂಡಿಗೆ ನೋಯೋ ನಿನ್ನ ಮೊಣಕಾಲು ಪಾಸ್ ಮಾಡಿತಂದ್ರ ನಾಳೆ ಯಾವ ಕಸ್ಟಮರ್ ಬಂದರೂ ನನಗ ಹೆದರಿಕಿ ಇಲ್ಲ.

ಹೌದ, ನಮ್ಮ ಟೆಂಪೊನೇ. ಫ್ಯಾಕ್ಟರಿ ಮಂದೀನ್ನ ಹೊತ್ತು ಹೊತ್ತು ಸೊಂಟ ಮುರಕೊಂಡು ನಿಂತಿತ್ತಲ್ಲ, ಸೀಟು ಕಿತ್ತು ಹಾಸಿಗಿ ಹಾಕೀನಿ. ಟೂರಿಸ್ಟ್ ಮಂದಿ ಗಾಡಿಯೊಳಗ ಮಲಗಾಕಂತನ ಬರ್ತಾರಂತ. ನಗ್ತಿ ಯಾಕ? ಖರೇನ.

ಮೂಗು ಯಾಕ ಮುಚ್ಚಿದಿ? ಅದು… ಬಾಂಗಡೆ. ಮೀನ ಮಾರ್ಕೆಟ್ಟಿನ ಥರ್ಮಾಕೋಲ್ ಡಬ್ಬಿ ಒಡದು ಕೆಳಗ, ಬಾಜೂಕ ಎಲ್ಲಾ ಬಡದೀನಿ. ಪುಕ್ಕಟ ಸಿಕ್ಕವು. ತೊಳದೀನಿ, ಖರೇ ತೊಳದೀನಿ. ಈ ಘಟ್ಟದ ಬುಡಕ ಡಿಸೆಂಬರಿನ ಥಂಡಿ ಗೊತ್ತಲ್ಲ? ಒಳಗ ಬರೂದಿಲ್ಲ. ಬೆಕ್ಕು ಬರ್ತಾವ, ಅದು ಬ್ಯಾರೆ.

ಕಿಟಕಿಗೆ ನೀ ಹೊಲಿದ ಕೌದಿ, ಬೀಚಿನಾಗ ಮಾರದ ಉಳದಿದ್ದವು. ಹಾಸಿಗಿಯೊಳಗ ಕೈ ಹಾಕು. ಬಿಸಿ ಐತಲ್ಲ? ಸ್ಟೀಲ್ ಬಾಟ್ಲಿಯೊಳಗ ಬಿಸಿನೀರು, ಮ್ಯಾಲ ನನ್ನ ಕಾಲಚೀಲ… ಒಗದದ್ದು ಗಂಗೀ, ಒಗದದ್ದು.

ಕೆಂಡದ ಶೆಗಡಿ? ಅದೊಂದು ಬ್ಯಾಡ. ನೀ ಬಾಣಂತಿ ಇದ್ದಾಗ ನಿಮ್ಮವ್ವ ಹೊರಸಿನ ಕೆಳಗ ಕೆಂಡ ಇಟ್ಟಿದ್ದಳು ಖರೆ, ಆ ಮನಿಗೆ ಬೆಳಕಿಂಡಿ ಇತ್ತು. ಇಲ್ಲಿ ಇದ್ದಲಿ ಹಚ್ಚಿ ಬಾಗಲ ಹಾಕ್ಕೊಂಡ್ರ ಮಲಗಿದವರು ಏಳೂದಿಲ್ಲ. ಅದರ ವಿಷ ಕಣ್ಣಿಗೂ ಕಾಣೂದಿಲ್ಲ, ಮೂಗಿಗೂ ಹತ್ತೂದಿಲ್ಲ.

ಕಿಟಕಿ ಬೆರಳಷ್ಟು ಯಾಕ ತೆರದೈತಿ ಅಂದಿ? ಮೊದಲ ರಾತ್ರಿ ನಾ ಮಳಿಗಾಲದಂಗ ಎಲ್ಲಾ ಸಂದಿಗೆ ಹರಕ ಅರಬಿ ತುರುಕಿ ಮಲಗಿದ್ದೆ. ಮುಂಜಾನೆ ಮುಖದ ಮ್ಯಾಲ ಟಪ್, ಟಪ್. ತಗಡು ಸೋರಾಕತ್ತೈತಿ ಅಂತ ಮ್ಯಾಲ ಹತ್ತಿ ಡಾಂಬರ ಬಳದೆ. ಮರುದಿನ ಮತ್ತ ಟಪ್. ನೋಡಿದ್ರ ಮಳೀನೂ ಇಲ್ಲ, ತೂತೂ ಇಲ್ಲ… ನನ್ನ ಉಸಿರೇ ನೀರಾಗಿ ನನ್ನ ಮ್ಯಾಲ ಬೀಳಾಕತ್ತಿತ್ತು. ನಗು, ನಗು. ನೀ ನಕ್ಕರ ನನಗ ಚಲೋ.

ಏನು ನೋಡಾಕತ್ತಿ? ಆ ರೊಟ್ಟಿ ಹಂಚು? ಅದು ಕಸ್ಟಮರಿಗೆ. ದಿಲ್ಲಿ ಮಂದಿಗೆ ಜ್ವಾಳದ ರೊಟ್ಟಿ ಭಾಳ ಸೇರ್ತದಂತ… ಹೌದ, ಅಂಚು ಒಡದೈತಿ. ನಿನ್ನದರಂಗನ ಐತಿ. ಅಂಥಾದ್ದ ಇನ್ನೊಂದು ಸಿಕ್ಕಿತು.

ಆ ಗಂಟು ಬಿಚ್ಚಬ್ಯಾಡ. ಬಿಚ್ಚಬ್ಯಾಡ ಅಂದೆ… ಹೂಂ, ನಮ್ಮ ದೇವರ ಫೋಟೊ. ಟೂರಿಸ್ಟರಿಗೂ ದೇವರು ಬೇಕಲ್ಲ.

ಗಂಗೀ, ಆ ಫೋಟೊ ಕೆಳಗಿಡು. ಬೈಯರ ಬೈ.

ನಮ್ಮ ಬಾಡಿಗಿ ಖೋಲಿ ಹೋತು. 'ಕೇಶಪ್ಪ, ಖಾಲಿ ಮಾಡು, ಹೋಂಸ್ಟೇ ಮಾಡ್ತೀನಿ' ಅಂದ ಮಾಲಕ. ಫೋನಿನಾಗ ಹೇಳಿದ್ರ ನೀ ಊರಾಗ ಉಳದುಬಿಡ್ತಿ ಅಂತ ಹೇಳಲಿಲ್ಲ. ನೀ ಇಲ್ಲದ ಇರಾಕ ನನಗ ಆಗೂದಿಲ್ಲ. ಕಸ್ಟಮರ್ ಯಾರೂ ಇಲ್ಲ. ಇದ್ದರ ನೀನೇ.

ಎಲ್ಲಿಗೆ ಎದ್ದಿ? ಇಳೀಬ್ಯಾಡ, ಈಗ ಬಸ್ಸಿಲ್ಲ. ಗಂಗೀ… ಬಾಗಲಾಗ ಯಾಕ ಕುಂತಿ? ಏನದು, ಚಪ್ಪಲಿ ಕಳಚಿ ಮನಿಯಾಗಿನಂಗ ಹೊರಗ ಬಿಡಾಕತ್ತಿಯೇನು?

ನನ್ನವೂ? ಬಿಟ್ಟೆ, ಬಿಟ್ಟೆ.