ಒಂಬತ್ತು ಹೂವಿನ ರಾತ್ರಿ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಕ್ಕರೆ ನನಗೆ ಕೆಟ್ಟ ಸಿಟ್ಟು ಬರುತ್ತೆ. ಇದು ಯಾರದ್ದೋ ಕತೆ ಅಲ್ಲ, ನನ್ನ ಚಿಕ್ಕಪ್ಪನ ಮಗಳು ಮಿಲ್ವಿಗೆ ಆದದ್ದು. ಇದೇ ಮುಹು ದ್ವೀಪದಲ್ಲಿ, ಯಾನ್ ಹಬ್ಬದಂದು, ವರ್ಷದ ಅತಿ ಚಿಕ್ಕ ರಾತ್ರಿ.

ಆಗ ಅವಳಿಗೆ ಹತ್ತೊಂಬತ್ತು. ಎಲ್ಲರೂ ಬೆಂಕಿ ಸುತ್ತ ಕುಣೀತಿದ್ದಾಗ ಒಬ್ಬಳೇ ಹುಲ್ಲುಗಾವಲಿಗೆ ಹೋಗಿ ಒಂಬತ್ತು ಬಗೆಯ ಹೂ ಕಿತ್ತಳು. ದಿಂಬಿನಡಿ ಇಟ್ಟು ಮಲಗಿದರೆ ಗಂಡನಾಗೋನು ಕನಸಲ್ಲಿ ಬರ್ತಾನೆ. ಆದರೆ ಮೊದಲ ಹೂ ಕಿತ್ತಾಗಿನಿಂದ ನಿದ್ದೆ ಹತ್ತೋವರೆಗೂ ತುಟಿ ಬಿಚ್ಚಕೂಡದು. ಬಿಚ್ಚಿದರೆ ಮುಗೀತು. ಅದಕ್ಕೇ ನಮ್ಮ ಹುಡುಗರು ದಾರಿಗೆ ಅಡ್ಡ ನಿಂತು, ಏನಾದರೂ ನಾಟಕ ಮಾಡಿ ಹುಡುಗೀರನ್ನ ಮಾತಾಡಿಸೋಕೆ ನೋಡ್ತಾರೆ. ಹಾಳಾದ ಆಟ.

ಮಿಲ್ವಿ ಮನಸ್ಸು ಪಕ್ಕದ ಮನೆ ಲೆಂಬಿತ್ ಮೇಲೆ. ಆದರೆ ಮೂರು ದಿನದಿಂದ ಇಬ್ಬರಿಗೂ ಮಾತಿಲ್ಲ. ಜಗಳ ಯಾತಕ್ಕೆ ಅಂತ ಈಗ ಅವಳಿಗೇ ನೆನಪಿಲ್ಲ. ಅವನು ಸಂಜೆ ಎದುರಿನ ನಡುಗಡ್ಡೆಯಿಂದ ಬಿಯರ್ ಪೀಪಾಯಿ ತರೋಕೆ ದೋಣಿ ತಗೊಂಡು ಹೋದೋನು ಹಬ್ಬಕ್ಕೆ ಬಂದಿರಲಿಲ್ಲ. ಅಲ್ಲೇ ಕುಡಿದು ಬಿದ್ದಿರ್ತಾನೆ ಅಂದುಕೊಂಡೆವು.

ಮಿಲ್ವಿ ಮನೆಗೆ ಹೊರಟಾಗ ರಾತ್ರಿ ಒಂದು ದಾಟಿತ್ತು. ಬೇಸಿಗೇಲಿ ಆ ಹೊತ್ತಲ್ಲೂ ನಮ್ಮ ಉತ್ತರದ ಕಡೆ ಪೂರ್ತಿ ಕತ್ತಲಾಗಲ್ಲ, ಮುಖ ಕಾಣುತ್ತೆ. ಹೊಲದಲ್ಲಿ ಒಂದು ಹಕ್ಕಿ ಕ್ರೆಕ್... ಕ್ರೆಕ್... ಅಂತ ಕೂಗ್ತಾ ಇತ್ತು. ಬಾವಿ ಹತ್ತಿರ ಬಂದಳು ನೋಡಿ, ತಟ್ಟನೆ ಅದೂ ನಿಂತುಹೋಯ್ತು. ಟಪ್... ಟಪ್... ನೀರು ತೊಟ್ಟಿಕ್ಕೋ ಸದ್ದು ಮಾತ್ರ.

ಬಾವಿಕಟ್ಟೆ ಮೇಲೆ ಲೆಂಬಿತ್ ಕೂತಿದ್ದ.

"ಮಿಲ್ವಿ... ಇನ್ನೂ ಸಿಟ್ಟೇನೆ?"

ಇವಳಿಗೆ ಒಳಗೊಳಗೇ ನಗು. ಮಾತಾಡಿಸೋಕೆ ಬಂದಿದ್ದಾನೆ ಕಳ್ಳ, ಮೈಮೇಲೆ ನೀರು ಬೇರೆ ಸುರಿದುಕೊಂಡು...

"ತುಂಬಾ ಚಳಿ ಕಣೆ. ಸಿಟ್ಟಿಲ್ಲ ಅಂತ ಒಂದು ಮಾತು ಹೇಳು... ಹೋಗ್ತೀನಿ."

ಹೂವನ್ನ ಎದೆಗೊತ್ತಿಕೊಂಡು, ತುಟಿ ಕಚ್ಚಿಕೊಂಡು ಮುಂದೆ ನಡೆದಳು. ಹಿಂದಿನಿಂದ ಇನ್ನೊಂದು ಸಲ, ಪಿಸುಮಾತಲ್ಲಿ... "ಹೋಗು ಅಂತಾದರೂ ಹೇಳೆ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕನಸಲ್ಲಿ ಯಾರೂ ಬರಲಿಲ್ಲ. ಬೆಳಿಗ್ಗೆ ಚಿಕ್ಕಪ್ಪನೇ ಎಬ್ಬಿಸಿ ಹೇಳಿದ. ದೋಣಿ ಮಗುಚಿತ್ತು. ನಡುಗಡ್ಡೆಯವರು ಲೆಂಬಿತ್‌ನ ಹೆಣ ದಡಕ್ಕೆ ಎಳೆದದ್ದು ಹಿಂದಿನ ರಾತ್ರಿ ಹತ್ತು ಗಂಟೆಗೆ. ಗಾಳಿ ಜೋರಿದ್ದರಿಂದ ಸುದ್ದಿ ತರೋಕೆ ಬೆಳಗಾಗಿತ್ತು.

ಅವಳು ಮದುವೆಯಾಗಲಿಲ್ಲ. ಯಾನ್ ಹಬ್ಬ ಬಂದರೆ ಕಿಟಕಿ ಮುಚ್ಚಿಕೊಂಡು ಕೂರೋಳು. ನಲವತ್ತೊಂಬತ್ತು ವರ್ಷ. "ಸತ್ತೋನು ಅಷ್ಟು ದೂರ ಬಂದು ಕೇಳಿದ್ದು ಒಂದೇ ಒಂದು ಮಾತು ಅಕ್ಕ. ಅದನ್ನೂ ಕೊಡಲಿಲ್ಲ ನಾನು" ಅಂತ ಅಳೋಳು.

ಹೋದ ವರ್ಷ ಹಬ್ಬದ ರಾತ್ರಿ ತಾನಾಗೇ ಎದ್ದಳು. "ಮಂಡಿ ಹೋಗಿದೆ. ಮುಂದಿನ ವರ್ಷ ಅಲ್ಲೀವರೆಗೂ ನಡೆಯೋಕಾಗುತ್ತೋ ಇಲ್ಲವೋ. ಜೊತೆಗೆ ಬಾ" ಅಂದಳು. ಕೈ ಹಿಡಿದು ಕರಕೊಂಡು ಹೋದೆ. ಬಾವಿಕಟ್ಟೆಗೆ ಒರಗಿ ನಿಂತು, ಮೆಲ್ಲಗೆ ಅಂದಳು... "ಸಿಟ್ಟಿಲ್ಲ ಕಣೋ. ಆವತ್ತೂ ಇರಲಿಲ್ಲ. ಹೋಗು ಇನ್ನು."

ವಾಪಸ್ ಬಂದು ಮಲಗಿದೆವು.

ಬೆಳಿಗ್ಗೆ ನಾನೇ ಆ ಬಾವಿ ನೀರು ಸೇದಿ ಕಾಫಿ ಮಾಡಿದೆ. ಸಮುದ್ರದಿಂದ ಎರಡು ಮೈಲಿ ದೂರ, ಸಿಹಿನೀರಿನ ಬಾವಿ. ನಂಬೋರು ನಂಬಿ, ಬಿಡೋರು ಬಿಡಿ, ನನ್ನ ನಾಲಿಗೆಯೇ ಸಾಕ್ಷಿ... ಬರೀ ಉಪ್ಪು. ನಾನು ಉಗುಳಿಬಿಟ್ಟೆ.

ಮಿಲ್ವಿ ಲೋಟ ಪೂರ್ತಿ ಕುಡಿದಳು.